ವಾರ್ಡ್ ಚುನಾವಣೆಗೆ ನಿಲ್ಲುವ ಗೆಳೆಯನಿಗೆ

ಬೆಂಗಳೂರು, ನವೆಂಬರ್ 2025

ಪ್ರೀತಿಯ ಗೆಳೆಯ,

ವಾರ್ಡ್ ಚುನಾವಣೆಗೆ ನಿಲ್ಲುವ ಯೋಚನೆ ಇದೆ ಅಂತ ಬರೆದಿದ್ದೀಯ. ಓದಿ ತುಂಬಾ ಖುಷಿಯಾಯಿತು. ಖಂಡಿತ ನಿಲ್ಲು. 2015ರಲ್ಲಿ ನಾವು ಆರಿಸಿದ 198 ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಆಮೇಲೆ ಚುನಾವಣೆಯೇ ಆಗಿಲ್ಲ. ವಾರ್ಡುಗಳನ್ನು 243 ಮಾಡಿದರು, ಮತ್ತೆ 225 ಮಾಡಿದರು, ಈಗ ಇಡೀ ನಗರಕ್ಕೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿಯೇ ಹೋಗಿ ಐದು ಪಾಲಿಕೆ ಆಗಿವೆ. ಇಷ್ಟು ವರ್ಷ ನಮ್ಮ ಬೀದಿಯ ಮೋರಿ ಕಟ್ಟಿಕೊಂಡರೆ ಯಾರ ಮನೆ ಬಾಗಿಲು ತಟ್ಟಬೇಕು ಅಂತ ಗೊತ್ತಾಗಲಿಲ್ಲ. ಶಾಸಕರಿದ್ದಾರೆ, ನಿಜ. ಆದರೆ ಇಡೀ ಕ್ಷೇತ್ರ ನೋಡುವವರಿಗೆ ನಮ್ಮ ಕ್ರಾಸಿನ ಕೆಟ್ಟ ಬೀದಿ ದೀಪ ಕಾಣುವುದಾದರೂ ಹೇಗೆ?

ನಮ್ಮ ಕಾರ್ಪೊರೇಟರ್ ಅಕ್ಕ ನಿನಗೆ ನೆನಪಿದ್ದಾರಲ್ವಾ? ಮಹಿಳಾ ಮೀಸಲಿನಲ್ಲಿ ಗೆದ್ದಾಗ “ಕೆಲಸ ಎಲ್ಲ ಯಜಮಾನರೇ ನೋಡ್ಕೊಳ್ಳೋದು” ಅಂತ ಜನ ಆಡಿಕೊಂಡಿದ್ದರು. ಸ್ವಲ್ಪ ದಿನದಲ್ಲೇ ಆ ಮಾತು ನಿಂತಿತು. ಬೆಳಗ್ಗೆ ಕಸದ ಆಟೋ ಬರುವ ಹೊತ್ತಿಗೆ ಅವರೂ ಬೀದಿಯಲ್ಲಿರುತ್ತಿದ್ದರು. ನಮ್ಮನ್ನು ಹಸಿ ಕಸ, ಒಣ ಕಸ ಬೇರೆ ಮಾಡಿದ್ದೀರಾ ಅಂತ ಕೇಳುತ್ತಿದ್ದರು. ಪೌರಕಾರ್ಮಿಕರನ್ನು ಸಂಬಳ ಬಂತಾ ಅಂತ ಕೇಳುತ್ತಿದ್ದರು.

ರಸ್ತೆ ಕೆಲಸವನ್ನು ಅವರು ಮಾಡಿಸಿದ ರೀತಿ ನೀನು ಕಲಿಯಲೇಬೇಕು. ಡಾಂಬರು ಹಾಕುವವರು ಒಬ್ಬರು, ನೀರಿನ ಪೈಪಿಗೆ ಅಗೆಯುವವರು ಇನ್ನೊಬ್ಬರು, ಕೇಬಲ್‌ನವರು ಮತ್ತೊಬ್ಬರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಡಾಂಬರು ಹಾಕಿದ ವಾರಕ್ಕೇ ಯಾರೋ ಬಂದು ಅಗೆಯುತ್ತಾರೆ. ಅಕ್ಕ ಎಲ್ಲ ಎಂಜಿನಿಯರ್‌ಗಳನ್ನೂ ಒಂದೇ ಬೆಳಗ್ಗೆ ನಮ್ಮ ಕ್ರಾಸಿಗೆ ಕರೆಸಿದರು. ಯಾರು ಮೊದಲು, ಯಾರು ಆಮೇಲೆ ಅಂತ ಜನರ ಮುಂದೆಯೇ ಬರೆಸಿಕೊಂಡರು. ಮೊದಲು ಪೈಪು, ಆಮೇಲೆ ಮೋರಿ, ಕೊನೆಗೆ ಡಾಂಬರು. ಆ ರಸ್ತೆ ಇವತ್ತಿಗೂ ಗಟ್ಟಿಯಾಗಿದೆ.

ಪಾರ್ಕ್ ರಿಪೇರಿ ಆಗುವಾಗ ಗೇಟಿನ ಹತ್ತಿರ ಹೂವು, ಸೊಪ್ಪು ಮಾರುವವರನ್ನು ಎತ್ತಿಸಿ ಅಂತ ಕೆಲವು ಮನೆಯವರು ಪಟ್ಟು ಹಿಡಿದರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ, ಹಾಗೆಲ್ಲ ಎತ್ತಿಸೋಕೆ ಬರಲ್ಲ ಅಂತ ಅಕ್ಕ ಖಡಾಖಂಡಿತ ಹೇಳಿದರು. ಗೇಟನ್ನೇ ಸ್ವಲ್ಪ ಪಕ್ಕಕ್ಕೆ ಹಾಕಿಸಿದರು, ವ್ಯಾಪಾರಿಗಳು ಕೂರುವ ಜಾಗದ ಹೊಂಗೆ ಮರ ಉಳಿಸಿದರು. ಏರಿಯಾ ಚೆಂದ ಮಾಡುವ ಹೆಸರಲ್ಲಿ ಅಲ್ಲೇ ದುಡಿದು ತಿನ್ನುವವರನ್ನು ಓಡಿಸಬಾರದು. ಇದನ್ನು ಪ್ರಚಾರದ ಮೊದಲ ದಿನವೇ ಹೇಳಿಬಿಡು. ನಾಲ್ಕು ವೋಟು ಹೋದರೆ ಹೋಗಲಿ.

ವಾರ್ಡ್ ಸಮಿತಿಯನ್ನಂತೂ ಬಿಡಬೇಡ. ಹತ್ತು ಜನ ಸದಸ್ಯರು, ಅದರಲ್ಲಿ ಕನಿಷ್ಠ ಮೂವರು ಹೆಂಗಸರು ಇರಬೇಕು ಅಂತ ನಿಯಮ ಇತ್ತು. 2018ರ ಡಿಸೆಂಬರ್‌ನಿಂದ ತಿಂಗಳ ಮೊದಲ ಶನಿವಾರ ಸಭೆ ನಡೆಸಬೇಕು ಅಂತಲೂ ಆಯಿತು. ಎಷ್ಟೋ ಕಡೆ ಸುಮ್ನೆ ಸಹಿ ಹಾಕಿಸಿಕೊಂಡು ಮುಗಿಸುತ್ತಿದ್ದರು. ಅಕ್ಕನ ಸಭೆಯಲ್ಲಿ ಹೋದ ತಿಂಗಳ ದೂರುಗಳು ಏನಾದವು ಅಂತ ಓದಿದ ಮೇಲೇ ಹೊಸ ದೂರು ತೆಗೆದುಕೊಳ್ಳುತ್ತಿದ್ದರು. ಬಾಡಿಗೆ ಮನೆಯವರೂ ಎದ್ದು ನಿಂತು ಮಾತಾಡುತ್ತಿದ್ದರು. ಆಗದ ಕೆಲಸವನ್ನು ಆಗಲ್ಲ ಅಂತ ಅಲ್ಲೇ ಹೇಳುತ್ತಿದ್ದರು, ಯಾಕೆ ಆಗಲ್ಲ ಅಂತಲೂ ಹೇಳುತ್ತಿದ್ದರು. ಜನ ಅವರನ್ನು ನಂಬಿದ್ದು ಇದಕ್ಕೇ ಅಂತ ನನಗೆ ಅನಿಸುತ್ತದೆ.

ಈಗ ವಾರ್ಡ್ ಗಡಿಗಳೆಲ್ಲ ಬದಲಾಗಿವೆ. ನಿನ್ನ ಮನೆ ಯಾವ ಪಾಲಿಕೆಗೆ, ಯಾವ ವಾರ್ಡಿಗೆ ಸೇರಿದೆ, ಮತದಾರರ ಪಟ್ಟಿಯಲ್ಲಿ ಹೆಸರು ಸರಿಯಾಗಿದೆಯಾ ಅಂತ ಮೊದಲು ನೋಡಿಕೋ. ಮೀಸಲಾತಿ ಪಟ್ಟಿ ಬಂದ ಮೇಲೆ ಉಳಿದದ್ದು ಯೋಚಿಸೋಣ. ಅಷ್ಟರಲ್ಲಿ ಒಂದು ಭಾನುವಾರ ಬಾ, ಅಕ್ಕನ ಮನೆಗೆ ಹೋಗಿ ಮಾತಾಡಿ ಬರೋಣ. ನೀನು ಬರುವ ವಿಷಯ ಅವರಿಗೆ ಹೇಳಿರುತ್ತೇನೆ.

ಇಂತಿ ನಿನ್ನ,
ಹಳೇ ಬೀದಿಯ ಗೆಳೆಯ