ಕನ್ನಡ ಸಿನಿಮಾಗೂ ಕನ್ನಡ ಸಬ್‌ಟೈಟಲ್ ಇರಲಿ

ಮಾನ್ಯ ಸಂಪಾದಕರೇ,

ಈಚಿನ ಕನ್ನಡ ಸಿನಿಮಾಗಳಲ್ಲಿ ಮಾತೇ ಸರಿಯಾಗಿ ಕೇಳಿಸುವುದಿಲ್ಲ. ಹಿನ್ನೆಲೆ ಸಂಗೀತದ ಅಬ್ಬರಕ್ಕೆ ಎದೆ ಅದುರುತ್ತದೆ, ಅದರಡಿ ನಾಯಕ ಏನೋ ಗೊಣಗುತ್ತಾನೆ. ಕಳೆದ ವಾರ ನೋಡಿದ ಚಿತ್ರದಲ್ಲಿ ಅಪ್ಪ ಸಾಯುವ ಮುಂಚೆ ಮಗನಿಗೆ ಒಂದು ಗುಟ್ಟು ಹೇಳುತ್ತಾನೆ, ಇಡೀ ಕಥೆ ನಿಂತಿರುವುದೇ ಅದರ ಮೇಲೆ, ಆದರೆ ಪಿಟೀಲು ಎಷ್ಟು ಜೋರಾಗಿತ್ತೆಂದರೆ ಪಕ್ಕದವರು ‘ಏನಂದ, ಏನಂದ’ ಅಂತ ನನ್ನನ್ನು ಕೇಳಿದರು. ನನಗೇನು ಗೊತ್ತು! ಚಿತ್ರ ಮಾತ್ರ ಚೆನ್ನಾಗಿತ್ತು, ಕ್ಯಾಮೆರಾ ಕೆಲಸವಂತೂ ಸೊಗಸು.

‘ಕಾಂತಾರ’ದಂಥ ಕರಾವಳಿ ಮಾತಿನ ಚಿತ್ರಗಳೂ ನನಗಿಷ್ಟ. ಆದರೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ನಮ್ಮ ಕಡೆಯ ಎಷ್ಟೋ ಜನರಿಗೆ ಆ ಕನ್ನಡ ಬೇಗ ಕಿವಿಗೆ ಹತ್ತುವುದಿಲ್ಲ. ಕಿವಿ ಕೇಳದವರ ಪಾಡು ಹೇಳುವುದೇ ಬೇಡ. ಅಂಥವರಿಗೂ ಚಿತ್ರಮಂದಿರದಲ್ಲಿ ಅನುಕೂಲ ಮಾಡಬೇಕೆಂದು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ. ನಾನು ನೋಡುವ ಪರದೆಗಳ ಮೇಲೆ ಅದರ ಸುಳಿವಿಲ್ಲ.

ನಿರ್ಮಾಪಕರು ಕನ್ನಡ ಚಿತ್ರಗಳಿಗೆ ಕನ್ನಡದಲ್ಲೇ ಸಬ್‌ಟೈಟಲ್ ಹಾಕಿಸಲಿ. ಎಲ್ಲ ಆಟಕ್ಕೂ ಬೇಡವೆಂದರೆ ಮ್ಯಾಟಿನಿಗಾದರೂ ಶುರು ಮಾಡಬಹುದು, ಅಲ್ವಾ?

– ಒಬ್ಬ ಸಿನಿಮಾ ಪ್ರೇಮಿ, ಕೋಲಾರ