ಆಯಾ ತಡವಾಗಿ ಬಂದರೆ ಸಂಬಳ ಕಡಿತವೊಂದೇ ದಾರಿಯೆ?

ಮಾನ್ಯ ಸಂಪಾದಕರೆ,

ಗಂಡ–ಹೆಂಡತಿ ಇಬ್ಬರೂ ನೌಕರಿಗೆ ಹೋಗುವ ಕಲಬುರಗಿಯ ಎಷ್ಟೋ ಮನೆಗಳಲ್ಲಿ ಬೆಳಗಿನ ಜಗಳಕ್ಕೆ ಮೂಲ ಒಂದೇ: ಕೂಸನ್ನು ನೋಡಿಕೊಳ್ಳುವ ಆಯಾ ಇನ್ನೂ ಬಂದಿಲ್ಲ. ಪಾತ್ರೆ ತಿಕ್ಕುವವರು ಅರ್ಧ ಗಂಟೆ ತಡ ಮಾಡಿದರೆ ಪಾತ್ರೆಗಳು ಬಿದ್ದಿರುತ್ತವೆ, ಅಷ್ಟೆ. ಎಂಟು ತಿಂಗಳ ಕೂಸನ್ನು ಹಾಗೆ ಬಿಟ್ಟು ತಾಯಿ ಹೊಸ್ತಿಲು ದಾಟುವಂತಿಲ್ಲ. ಕಚೇರಿಯಲ್ಲಿ ಬೆರಳಚ್ಚು ಕೇಳುವ ಹಾಜರಿ ಯಂತ್ರಕ್ಕೆ ಇದನ್ನೆಲ್ಲ ವಿವರಿಸಿ ಹೇಳುವಂತೆಯೂ ಇಲ್ಲ. ಆದ್ದರಿಂದ ಇದನ್ನು ಮನೆಯೊಳಗಿನ ಸಣ್ಣ ಮಾತೆಂದು ಬದಿಗಿಡದೆ ಪ್ರಕಟಿಸಬೇಕೆಂದು ಕೋರುತ್ತೇನೆ.

ನನ್ನ ಸಹೋದ್ಯೋಗಿಗಳಲ್ಲಿ ಹಲವರು ಇದಕ್ಕೆ ಕಂಡುಕೊಂಡಿರುವ ಉಪಾಯವೆಂದರೆ ಮೂರು ದಿನ ತಡವಾದರೆ ಅರ್ಧ ದಿನದ ಸಂಬಳ ಮುರಿಯುವುದು. ಇದರಿಂದ ಆಯಾ ಹೊತ್ತಿಗೆ ಸರಿಯಾಗಿ ಬರತೊಡಗಿದ ಮನೆಯನ್ನು ನಾನು ಕಂಡಿಲ್ಲ. ಸಂಬಳ ಮುರಿದ ಮೇಲೆ ತಡವಾದದ್ದಕ್ಕೆ ಲೆಕ್ಕ ಚುಕ್ತಾ ಆಯಿತೆಂದು ಆಕೆಗೆ ಅನಿಸುವುದು ಸಹಜ. ಮೊದಲು ಇದ್ದ ಅಳುಕೂ ಹೋಗುತ್ತದೆ. ಕೆಲಸದಿಂದಲೇ ಬಿಡಿಸುವುದು ಇನ್ನೂ ದುಬಾರಿ. ಹೊಸಬರು ಸಿಗಬಹುದು, ಆದರೆ ಒಬ್ಬರ ಮಡಿಲಿಗೆ ಹೊಂದಿಕೊಂಡ ಕೂಸು ಇನ್ನೊಬ್ಬರ ಕೈಯಲ್ಲಿ ಉಣ್ಣಲು, ಮಲಗಲು ಒಪ್ಪುವವರೆಗೆ ರಜೆ ಹಾಕಿ ಮನೆಯಲ್ಲಿ ಕೂರಬೇಕಾದವಳು ತಾಯಿಯೇ. ತಂದೆಯರು ರಜೆ ಹಾಕಿದ ಉದಾಹರಣೆಗಳು ನನಗೆ ಹೆಚ್ಚು ಗೊತ್ತಿಲ್ಲ.

ಮೊದಲು ಆಗಬೇಕಾದದ್ದು ತಡವಾಗುವ ಕಾರಣವನ್ನು ತಿಳಿಯುವ ಕೆಲಸ. ನಮ್ಮ ಮನೆಗೆ ಬರುವವರು, ‘ನಳದಾಗ ನೀರ್ ಬಂದಿತ್ರೀ ಅಕ್ಕೋರ’ ಎಂದು ಹೇಳಿದಾಗ ಅದು ನೆಪವಾಗಿರಲಿಲ್ಲ. ದಿನಬಿಟ್ಟು ದಿನವೂ ನಳಕ್ಕೆ ನೀರು ಬಾರದ ಬಡಾವಣೆಗಳಲ್ಲಿ, ಅದು ಬಂದ ಹೊತ್ತಿನಲ್ಲಿ ಕೊಡ, ಡ್ರಮ್ಮು ತುಂಬಿಸದೆ ಹೊರಟ ಹೆಂಗಸಿನ ಮನೆಯಲ್ಲಿ ಮುಂದಿನ ಸರದಿಯವರೆಗೆ ನೀರಿರುವುದಿಲ್ಲ. ನೀರು ಬಿಡುವ ದಿನ ಮೊದಲೇ ಗೊತ್ತಾದರೆ ಆ ದಿನದ ಮಟ್ಟಿಗೆ ಗಂಡ–ಹೆಂಡತಿಯರಲ್ಲಿ ಒಬ್ಬರು ತಡವಾಗಿ ಹೊರಡುವ ಏರ್ಪಾಡು ಮಾಡಿಕೊಳ್ಳಬಹುದು. ಇನ್ನೊಂದು ಕಾರಣ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾರಿಗೆ ನಿಗಮದ ಬಸ್ಸಿನಲ್ಲಿ ಟಿಕೆಟ್ ಹಣ ಕೊಡಬೇಕಿಲ್ಲ, ಆದರೆ ಟಂಟಂ ಎಂಬ ಶೇರ್ ಆಟೊದವನಿಗೆ ಕೊಡಲೇಬೇಕು. ಊರಂಚಿನಿಂದ ನಗರ ಮಧ್ಯದ ಸೂಪರ್ ಮಾರ್ಕೆಟ್ ಪ್ರದೇಶಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯುವ ಹೆಂಗಸು, ಕಡಿಮೆ ಸಂಬಳದಲ್ಲಿ ದಿನಕ್ಕೆ ಎರಡು ಬಾರಿ ಟಂಟಂಗೆ ಹಣ ತೆರುವ ಬದಲು ಬಸ್ಸಿಗೇ ಕಾಯುತ್ತಾಳೆ. ಬಸ್ಸು ತಪ್ಪಿದ ದಿನ ಟಂಟಂ ಬಾಡಿಗೆಯನ್ನು ನಾವೇ ಕೊಡುವುದೆಂದು ಒಪ್ಪಿಕೊಂಡರೆ ಮನೆಯವರಿಗೆ ಅದೇನೂ ದೊಡ್ಡ ಹೊರೆಯಲ್ಲ.

ದಿನವೂ ಒಂದೇ ಅಳತೆಯಲ್ಲಿ, ಇಪ್ಪತ್ತು ನಿಮಿಷವೆಂದರೆ ಇಪ್ಪತ್ತೇ ನಿಮಿಷ ತಡವಾಗುತ್ತಿದ್ದರೆ, ಗೊತ್ತುಪಡಿಸಿದ ವೇಳೆಯೇ ಆಕೆಗೆ ಸಾಧ್ಯವಿಲ್ಲದ್ದು ಎಂದು ತಿಳಿಯಬೇಕು. ಆಗ ಬೆಳಗಿನ ವೇಳೆಯನ್ನು ಬದಲಿಸಿ, ಕೆಲಸ ಬಿಡುವ ವೇಳೆಯನ್ನೂ ಅಷ್ಟೇ ಮುಂದೆ ಹಾಕುವುದು ನೇರವಾದ ಕ್ರಮ. ಸಂಜೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಬೆಳಗಿನ ಇಪ್ಪತ್ತು ನಿಮಿಷವನ್ನು ಗಡಿಯಾರ ನೋಡಿ ಎಣಿಸುವ ನಾವು, ಕಚೇರಿಯ ಸಭೆ ಮುಗಿಯದೆ ಸಂಜೆ ಒಂದು ಗಂಟೆ ತಡವಾಗಿ ಮನೆಗೆ ಬಂದಾಗ ಆಕೆ ಕಾದು ಕುಳಿತ ಹೊತ್ತನ್ನು ಯಾವ ಲೆಕ್ಕಕ್ಕೂ ಹಿಡಿಯುವುದಿಲ್ಲ. ಎರಡನ್ನೂ ಒಂದೇ ವಹಿಯಲ್ಲಿ ಬರೆದು, ತಿಂಗಳ ಕೊನೆಗೆ ಹೆಚ್ಚುವರಿ ಹೊತ್ತಿಗೆ ಹಣ ಕೊಡುವ ಮನೆಗೆ ಬೆಳಗಿನ ತಡದ ಬಗ್ಗೆ ಕೇಳುವ ಬಾಯಿಯೂ ಇರುತ್ತದೆ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಕರ್ನಾಟಕ 2004ರಲ್ಲಿಯೇ ಅಧಿಸೂಚಿಸಿದ್ದರೂ ನಮ್ಮ ಬಡಾವಣೆಗಳಲ್ಲಿ ಸಂಬಳ ಗೊತ್ತಾಗುವುದು ಪಕ್ಕದ ಮನೆಯವರು ಎಷ್ಟು ಕೊಡುತ್ತಾರೆ ಎಂಬುದರ ಮೇಲೆಯೇ. ಶರಣಬಸವೇಶ್ವರರ ಜಾತ್ರೆ, ಬಂದೇನವಾಜರ ಉರುಸು, ತೊಗರಿ ರಾಶಿಯ ದಿನಗಳ ರಜೆಯನ್ನು ಮೊದಲೇ ಮಾತಾಡಿಕೊಂಡರೆ ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ.

ಇಷ್ಟಾಗಿಯೂ ತಾಳ್ಮೆಗೆ ಒಂದು ಗಡಿ ಬೇಕು. ತಡವಾಗುವುದನ್ನು ಫೋನ್ ಮಾಡಿ ತಿಳಿಸದಿರುವುದು, ಫೋನನ್ನೇ ಬಂದ್ ಮಾಡಿಡುವುದು, ‘ಬಂದೇ ಬಿಟ್ಟೆ’ ಎಂದು ಹೇಳಿ ಇನ್ನೂ ಮನೆಯಲ್ಲೇ ಇರುವುದು ಬೇರೆಯದೇ ದೋಷಗಳು. ಇವನ್ನು ಬಾಗಿಲಲ್ಲಿ ನಿಲ್ಲಿಸಿ, ನೆರೆಯವರಿಗೆ ಕೇಳುವಂತೆ ಆಡಬಾರದು. ಸಂಜೆ ಕೂರಿಸಿಕೊಂಡು, ಹೇಳದೆ ತಡ ಮಾಡಿದರೆ ಮುಂದಿನ ತಿಂಗಳಿಂದ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಸ್ಪಷ್ಟವಾಗಿ ಹೇಳಬೇಕು. ಹೇಳಿದ ಮೇಲೂ ಬದಲಾಗದಿದ್ದರೆ ಬಾಕಿ ಸಂಬಳವನ್ನು ಪೂರ್ತಿ ಕೊಟ್ಟು ಕಳಿಸುವುದೇ ಸರಿ. ಕೂಸಿನ ಹೊಣೆ ಹೊತ್ತವರ ಮಾತಿನ ಮೇಲೆ ಭರವಸೆ ಇಲ್ಲವಾದರೆ ಹೊತ್ತಿನ ಪ್ರಶ್ನೆ ಆಮೇಲಿನದು.

ಇನ್ನು ಸರ್ಕಾರದ ಪಾಲಿನ ಮಾತು. ಬೇಸಿಗೆಯಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಇಲ್ಲಿಯ ಬಿಸಿಲಿಗೆ ಅದು ಬೇಕಾದ ಆದೇಶವೇ. ಆದರೆ ಹತ್ತರ ಬದಲು ಎಂಟಕ್ಕೆ ಕಚೇರಿಯಲ್ಲಿರಬೇಕಾದ ತಾಯಿಯ ಮನೆಗೆ ಆಯಾ ಏಳು ಗಂಟೆಯ ಸುಮಾರಿಗೆ ಬರಬೇಕು, ಅದೂ ತನ್ನ ಮಕ್ಕಳಿಗೆ ಶಾಲೆಯ ರಜೆ ಇದ್ದು ಅವರನ್ನು ಮನೆಯಲ್ಲಿ ಬಿಟ್ಟು ಬರಬೇಕಾದ ದಿನಗಳಲ್ಲಿ. ಆ ಎರಡು ತಿಂಗಳು ಊರಂಚಿನ ಬಡಾವಣೆಗಳಿಂದ ಬೆಳಿಗ್ಗೆ ಆರೂವರೆಯ ಹೊತ್ತಿಗೆ ಹೆಚ್ಚುವರಿ ನಗರ ಸಾರಿಗೆ ಬಸ್ಸುಗಳನ್ನು ಬಿಡುವುದು, ಕೇಂದ್ರ ಕಚೇರಿಯನ್ನು ಇದೇ ಊರಲ್ಲಿ ಹೊಂದಿರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಕಷ್ಟವಾಗಲಾರದು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿಯೇ ಹೇಳಲಾಗಿತ್ತು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಲಾಗಿದೆ. ಅಂಥದೇ ಕೇಂದ್ರಗಳನ್ನು ಜಿಲ್ಲಾಡಳಿತವು ನಗರದಲ್ಲಿ ಕಚೇರಿಗಳು ಹೆಚ್ಚಿರುವ ಕಡೆ ತೆರೆದು, ನೌಕರಸ್ಥ ತಾಯಂದಿರ ಮಕ್ಕಳ ಜೊತೆಗೆ ನಮ್ಮ ಮನೆಗಳಿಗೆ ಕೆಲಸಕ್ಕೆ ಬರುವ ಹೆಂಗಸರ ಮಕ್ಕಳನ್ನೂ ಸೇರಿಸಿಕೊಳ್ಳಬೇಕು, ಮತ್ತು ಅವು ಮುಂದಿನ ಬೇಸಿಗೆಯ ವೇಳಾಪಟ್ಟಿ ಬರುವುದರೊಳಗೆ, ಬೆಳಿಗ್ಗೆ ಏಳಕ್ಕೇ ಬಾಗಿಲು ತೆರೆಯುವಂತಿರಬೇಕು ಎಂದು ವಿನಂತಿಸುತ್ತೇನೆ.

ಇತಿ,
ಓರ್ವ ಉದ್ಯೋಗಸ್ಥ ತಾಯಿ,
ಕಲಬುರಗಿ