ನಡುವಿನ ಹೆಸರು

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿನಗೆ ಕಾಲು ಬಾವು ಇಳಿದಿದೆ ಎಂದು ನಿನ್ನಮ್ಮ ಹೇಳಿದಳು, ಸಮಾಧಾನವಾಯಿತು.

ಹುಟ್ಟಲಿರುವ ಮಗುವಿಗೆಂದು ನೀನು ಕಳಿಸಿದ ಹೆಸರುಗಳ ಪಟ್ಟಿ ಓದಿದೆ. ಹೆಣ್ಣು ಎಂದು ಅಲ್ಲಿ ಅಮೆರಿಕದಲ್ಲಿ ಮೊದಲೇ ಹೇಳಿಬಿಡುತ್ತಾರೆ, ಇಲ್ಲಿ ಹಾಗೆ ಹೇಳುವುದೇ ಅಪರಾಧ. ಇಲ್ಲಾದರೆ ಹೆಸರಿಗೂ ಇಷ್ಟು ಅವಸರವಿಲ್ಲ. 21 ದಿನದೊಳಗೆ ಜನನ ನೋಂದಾಯಿಸಿ, ಹೆಸರಿನ ಜಾಗ ಖಾಲಿ ಬಿಟ್ಟು, ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅಮೆರಿಕದಲ್ಲಿ ಬಾಣಂತಿ ಆಸ್ಪತ್ರೆಯ ಮಂಚದಲ್ಲಿರುವಾಗಲೇ ಫಾರ್ಮ್ ತಂದು ಹಿಡಿಯುತ್ತಾರೆ ಎಂದೆಯಲ್ಲ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಪಟ್ಟಿಯ ಮೊದಲ ಮೂರು ಹೆಸರು ಬಿಟ್ಟುಬಿಡು. ಸಂಸ್ಕೃತ ಎಂದು ಬರೆದಿದ್ದಾರಂತೆ, ನನ್ನ ಹತ್ತಿರ ಇರುವ ಎರಡು ನಿಘಂಟಿನಲ್ಲೂ ಇಲ್ಲ. ನಾಲ್ಕನೆಯದು ವರದಾ. ಅದನ್ನು ನೋಡಿ ನನಗೆ ಹಿಗ್ಗಾಯಿತು. ನಮ್ಮೂರ ಹೊಳೆ ಅದು, ನಿನ್ನಮ್ಮ ಈಜು ಕಲಿತ ನೀರು. ಅದೇ ಇರಲಿ.

ನನಗೆ ಹೇಳಬೇಕಾದದ್ದು ನಡುವಿನ ಹೆಸರಿನ ಬಗ್ಗೆ. ನಮ್ಮ ಕಡೆಯ ಪದ್ಧತಿಯಂತೆ ಅಲ್ಲಿ ಅಪ್ಪನ ಹೆಸರು ಹಾಕಬೇಕು ಎಂದಿದ್ದೀ. ಅಡ್ಡಹೆಸರು ಹೇಗೂ ಅವರ ಮನೆಯದೇ. ತಂದೆಯ ಹೆಸರಿಗೆ ಫಾರ್ಮಿನಲ್ಲಿ ಬೇರೆ ಸಾಲೇ ಇದೆ. ಆ ನಡುವಿನ ಜಾಗವನ್ನು ನಮ್ಮಜ್ಜಿಗೆ ಕೊಡು.

ರುಕ್ಮಿಣಿ ಅಂತಲ್ಲ. ಅದು ಮದುವೆಯ ದಿನ ಅಕ್ಕಿಯ ತಟ್ಟೆಯಲ್ಲಿ ಬರೆದು ಕೊಟ್ಟ ಹೆಸರು. ಅಜ್ಜನ ಹೆಸರು ವಿಠ್ಠಲ, ಹಾಗಾಗಿ ಇವಳು ರುಕ್ಮಿಣಿ ಆದಳು. ಹದಿಮೂರು ವರ್ಷದ ಹುಡುಗಿಯನ್ನು ಯಾರು ಕೇಳುತ್ತಾರೆ?

ನಾನು ಎಂಟು ವರ್ಷದವಳಿದ್ದಾಗ, ಪಂಚಮಿಗೆ ಎರಡು ದಿನ ಮುಂಚೆ, ಅಜ್ಜಿ ಅಡುಗೆಮನೆಯಲ್ಲಿ ಶೇಂಗಾ ಉಂಡಿ ಕಟ್ಟುತ್ತ ಕೂತಿದ್ದಳು. ಬಿಸಿ ಇರುವಾಗಲೇ ಕಟ್ಟಬೇಕು, ಕೈಗೆ ನೀರು ಹಚ್ಚಿಕೊಂಡು ಗಡಿಬಿಡಿಯಲ್ಲಿದ್ದಳು. ಬಾಗಿಲಲ್ಲಿ ಯಾರೋ ಮುದುಕರು ‘ತುಂಗೀ’ ಎಂದು ಕೂಗಿದರು. ಅಜ್ಜಿ ಬೆಲ್ಲ ಮೆತ್ತಿದ ಕೈಯಲ್ಲೇ ಓಡಿದಳು. ಅವಳು ಓಡಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಬಂದವರು ತವರಿನ ಅಣ್ಣ. ಅವರಿಬ್ಬರೂ ಕಟ್ಟೆಯ ಮೇಲೆ ಕೂತು ಮಾತು ಮುಗಿಸುವಷ್ಟರಲ್ಲಿ ಒಳಗೆ ಪಾಕ ಕಲ್ಲಾಗಿತ್ತು. ಸಂಜೆ ಅದನ್ನು ಗುಂಡುಕಲ್ಲಿನಿಂದ ಒಡೆದು ತಿಂದೆವು. ‘ತುಂಗಿ ಅಂದ್ರ ಯಾರವ್ವಾ?’ ಎಂದು ಕೇಳಿದೆ. ‘ನಾನs’ ಎಂದಳು. ಆ ಅಣ್ಣ ತೀರಿಕೊಂಡ ಮೇಲೆ ಆ ಹೆಸರಿನಿಂದ ಅವಳನ್ನು ಕರೆಯುವವರು ಯಾರೂ ಉಳಿಯಲಿಲ್ಲ.

ತುಂಗಾ ಎಂದು ಮೊದಲ ಹೆಸರೇ ಇಡು ಎಂದು ನಾನು ಹೇಳುವುದಿಲ್ಲ. ಅಲ್ಲಿಯ ಮಕ್ಕಳು ‘ಟಂಗ್’ ಎಂದು ಆಡಿಕೊಂಡಾರು, ಅಷ್ಟು ಗೊತ್ತು ನನಗೆ. ನಡುವೆ ಇದ್ದರೆ ದಿನಾ ಯಾರ ಬಾಯಿಗೂ ಬೀಳುವುದಿಲ್ಲ. ಮನೆಯಲ್ಲಿ ನೀನು ಕರೆದರೆ ಸಾಕು.

ನಿಮ್ಮ ಮಾವನವರು ಶಾಸ್ತ್ರ ಬಲ್ಲವರು. ಹೆಣ್ಣುಮಗುವಿನ ಹೆಸರು ಬೆಸ ಅಕ್ಷರದ್ದಿರಬೇಕು, ‘ಆ’ ಸ್ವರದಲ್ಲಿ ಮುಗಿಯಬೇಕು ಎಂದು, ಮನೆಯ ಸಂಸ್ಕಾರಗಳನ್ನು ಹೇಳುವ ಹಳೆಯ ಗ್ರಂಥ ಗೃಹ್ಯಸೂತ್ರದ ಮಾತು ತೆಗೆಯಬಹುದು. ವರದಾ ಮೂರಕ್ಷರ, ಅಡ್ಡಿಯಿಲ್ಲ. ತುಂಗಾ ಎರಡೇ ಎಂದರೆ, ಸೀತಾ, ಗಂಗಾ, ರಾಧಾ ಎಷ್ಟಕ್ಷರ ಎಂದು ಮೆತ್ತಗೆ ಕೇಳು. ಅದಕ್ಕೂ ಒಪ್ಪದಿದ್ದರೆ ಮೂರೂ ಎರಡೂ ಕೂಡಿಸಿ ಐದು ಎಂದು ಹೇಳು. ನಕ್ಷತ್ರದ ಅಕ್ಷರಕ್ಕಂತೂ ತಲೆ ಕೆಡಿಸಿಕೊಳ್ಳಬೇಡ. ಹಸ್ತ ನಕ್ಷತ್ರದ ಮೂರನೇ ಪಾದಕ್ಕೆ ‘ಣ’ ಬರುತ್ತದೆ, ಅದರಿಂದ ಯಾರಾದರೂ ಹೆಸರಿಟ್ಟಿದ್ದನ್ನು ನೋಡಿದ್ದೀಯಾ? ಮಾಸದ ಹೆಸರು, ನಕ್ಷತ್ರದ ಹೆಸರು, ಕುಲದೇವರ ಹೆಸರು, ಕರೆಯುವ ಹೆಸರು ಎಂದು ನಾಮಕರಣದಲ್ಲಿ ನಾಲ್ಕು ಇಡುತ್ತೇವೆ. ಶಾಲೆಗೆ ಹೋಗುವುದು ಒಂದೇ. ನಕ್ಷತ್ರದ್ದು ಜಾತಕದಲ್ಲಿರಲಿ.

ಅಳಿಯಂದಿರಿಗೆ ಬೇಜಾರಾದರೆ ಈ ಪತ್ರವನ್ನೇ ಓದಿಸು. ಅವರ ಅಜ್ಜಿಯ ತವರಿನ ಹೆಸರು ಏನಿತ್ತು ಎಂದೂ ಕೇಳು. ಅದು ಇನ್ನೂ ಚೆನ್ನಾಗಿದ್ದರೆ ನಾನು ತಕರಾರು ಮಾಡುವುದಿಲ್ಲ, ಎರಡನೇ ಮಗುವಿಗಿರಲಿ ಎನ್ನುತ್ತೇನೆ!

ಇನ್ನೊಂದು. ನಮ್ಮ ಪಾಸ್‌ಪೋರ್ಟಿನಲ್ಲಿ ನಡುವಿನ ಹೆಸರಿಗೆ ಬೇರೆ ಜಾಗವಿಲ್ಲ, ಮೊದಲ ಹೆಸರಿನ ಜೊತೆಗೇ ಹೋಗುತ್ತದೆ. ವಿಮಾನದ ಟಿಕೆಟ್ಟಿನಲ್ಲಿ ಎಷ್ಟೋ ಸಲ ಎರಡೂ ಅಂಟಿಕೊಂಡು ಬರುತ್ತವೆ. ‘ವರದಾತುಂಗಾ’ ಎಂದು ಬಂದರೂ ಕೆಟ್ಟದಾಗಿಲ್ಲ, ನಾನು ನಾಲ್ಕು ಸಲ ಗಟ್ಟಿಯಾಗಿ ಹೇಳಿ ನೋಡಿದೆ. ಗಳಗನಾಥದ ಹತ್ತಿರ ವರದಾ ಹೋಗಿ ಸೇರುವುದೂ ತುಂಗಭದ್ರೆಯನ್ನೇ ಅಲ್ಲವೇ? ಇಂಗ್ಲಿಷಿನಲ್ಲಿ ಬರೆಯುವಾಗ ‘ಟಿ’ ಆದ ಮೇಲೆ ‘ಎಚ್’ ಹಾಕಬೇಡ, ಅಲ್ಲಿಯವರು ಥಂಗಾ ಎಂದು ಓದುತ್ತಾರೆ. ಟುಂಗಾ ಎಂದರೆ ತಡೆದುಕೊಳ್ಳಬಹುದು.

ತೊಟ್ಟಿಲಿಗೆ ಹಾಕುವ ದಿನ ವಿಡಿಯೊ ಹಚ್ಚು. ತಟ್ಟೆಯಲ್ಲಿ ಅಕ್ಕಿ ತೆಳ್ಳಗೆ ಹರಡು, ದಪ್ಪಗಿದ್ದರೆ ಉಂಗುರದಿಂದ ಬರೆದದ್ದು ಕಾಣುವುದಿಲ್ಲ. ಮಗುವಿನ ಕಿವಿಯಲ್ಲಿ ವರದಾ ಎಂದು ಯಾರು ಬೇಕಾದರೂ ಹೇಳಲಿ. ತುಂಗೀ ಎಂದು ನಾನು ಫೋನಿನಲ್ಲೇ ಕೂಗುತ್ತೇನೆ.

ನಿನ್ನ
ದೊಡ್ಡಮ್ಮ